ತಲೆಕೆಳಗಾಗಿ ಕಂಡ ತಪ್ಪು

ಕರಡು ತಿದ್ದುವವನ ಮಾನ ಹೋಗುವುದು ಒಳಪುಟಗಳಲ್ಲಿ ಅಲ್ಲ, ಮುಖಪುಟದಲ್ಲಿ. ನನ್ನದು ಹೋದದ್ದು ನಿವೃತ್ತ ಮೇಷ್ಟ್ರೊಬ್ಬರ ಅಭಿನಂದನ ಗ್ರಂಥದಲ್ಲಿ. ಮುನ್ನೂರು ಚಿಲ್ಲರೆ ಪುಟ, ಮೂರು ಸಲ ಕರಡು ನೋಡಿದ್ದೆ. ಅಡಿಟಿಪ್ಪಣಿಯಲ್ಲಿ ಜಾರಿದ ಅರ್ಧವಿರಾಮ, ಶ-ಷ ಅದಲುಬದಲು, ಒಂದನ್ನೂ ಬಿಟ್ಟಿಲ್ಲವೆಂದು ಒಳಗೊಳಗೇ ಬೀಗುತ್ತಿದ್ದೆ.

ಅಚ್ಚಾದ ಮುಖಪುಟಗಳು ಕತ್ತರಿಸುವ ಯಂತ್ರದ ಪಕ್ಕ ಅಟ್ಟಿಯಾಗಿ ಕೂತಿದ್ದವು. ನಾನು ನಿಂತ ಕಡೆಯಿಂದ ತಲೆಕೆಳಗು. ಚಹಾ ಕುಡಿಯುತ್ತ ಸುಮ್ಮನೆ ನೋಡುತ್ತಿದ್ದಾಗ ಒಂದು ಅಕ್ಷರ ಯಾಕೋ ಬೋಳಾಗಿ ಕಂಡಿತು. ಸುತ್ತಿ ಬಂದು ನೇರವಾಗಿ ಓದಿದೆ: ‘ಅಬಿನಂದನ ಗ್ರಂಥ’. ಭಕಾರದ ಸೀಳೇ ಇಲ್ಲ! ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ. ಡಿಟಿಪಿಯವರು, ಸಂಪಾದಕರು, ಮುದ್ರಣಾಲಯದ ಯಜಮಾನರು, ನಾನು, ನಾಲ್ವರೂ ನೋಡಿ ಒಪ್ಪಿದ್ದೆವು. ಯಜಮಾನರು ಬೈಯಲಿಲ್ಲ. “ಒಳಗಿನ ಅರ್ಧವಿರಾಮಗಳೆಲ್ಲ ಸರಿಯಾಗಿವೆಯಲ್ಲ ರಾಯರೇ?” ಎಂದರು. ಬೈದಿದ್ದರೆ ವಾಸಿಯಿತ್ತು. ಮುಖಪುಟ ಮತ್ತೆ ಅಚ್ಚಾಯಿತು.

ಎಡ್ಗರ್ ಅಲನ್ ಪೋ 1844ರಲ್ಲಿ ಪ್ರಕಟವಾದ ಕತೆಯೊಂದರಲ್ಲಿ ಕದ್ದ ಪತ್ರಕ್ಕಾಗಿ ಪೊಲೀಸರನ್ನು ಮನೆಯೆಲ್ಲ ಜಾಲಾಡಿಸುತ್ತಾನೆ. ಅವರು ಮೆತ್ತೆಗಳಿಗೆ ಸೂಜಿ ಚುಚ್ಚುತ್ತಾರೆ, ಕುರ್ಚಿಯ ಕೀಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪತ್ರ ಎಲ್ಲರೆದುರೇ ತೂಗುಹಾಕಿದ, ಕಾಗದ ಸಿಕ್ಕಿಸಿಡುವ ರಟ್ಟಿನ ಗೂಡಿನಲ್ಲೇ ಇರುತ್ತದೆ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಅದೇ ಕತೆಯಲ್ಲಿ ನಕಾಶೆಯ ಆಟವೊಂದು ಬರುತ್ತದೆ: ಹೊಸಬರು ಇರುವೆ ಗಾತ್ರದ ಹೆಸರು ಹುಡುಕಿಸುತ್ತಾರೆ, ಪಳಗಿದವರು ಈ ತುದಿಯಿಂದ ಆ ತುದಿಗೆ ಹರಡಿದ ದೊಡ್ಡ ಹೆಸರನ್ನೇ ಹುಡುಕಿಸುತ್ತಾರೆ. ಓದಿದಾಗ ನಕ್ಕಿದ್ದೆ. ಆ ನಗು ಅಷ್ಟು ದುಬಾರಿಯೆಂದು ಆಗ ಗೊತ್ತಿರಲಿಲ್ಲ.

ನಾನೊಬ್ಬನೇ ಅಲ್ಲವೆಂಬ ಸಮಾಧಾನವೂ ಇದೆ. 2013ರ ಅಧ್ಯಯನವೊಂದರಲ್ಲಿ 24 ವಿಕಿರಣ ತಜ್ಞರಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದರು. ಚಿತ್ರದಲ್ಲಿ ಗೊರಿಲ್ಲಾ ಒಂದನ್ನು ಸೇರಿಸಿದ್ದರು. 20 ಮಂದಿಗೆ ಅದು ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ಸರಿಯಾಗಿ ಗೊರಿಲ್ಲಾದ ಮೇಲೇ ಹಾದುಹೋಗಿತ್ತು.

ನಮ್ಮ ಕಸುಬಿನಲ್ಲಿ ಗೊರಿಲ್ಲಾ ಎಂದರೆ ರೂಢಿಯ ಪದ. ಅದನ್ನು ಕಣ್ಣು ಓದುವುದಿಲ್ಲ, ಗುರುತು ಹಿಡಿದು ಮುಂದೆ ಸಾಗುತ್ತದೆ. ತಿರುಗಿಸಿ ಹಿಡಿದರೆ ಪದ ಕಳೆದು ಬರೀ ಆಕಾರ ಉಳಿಯುತ್ತದೆ. ಹಾಗಾಗಿ ಈಗ ದೊಡ್ಡ ಅಕ್ಷರಗಳನ್ನೆಲ್ಲ ಮೊದಲು ತಲೆಕೆಳಗು ಮಾಡಿ ನೋಡುತ್ತೇನೆ. ಮೊನ್ನೆ ಲಗ್ನಪತ್ರಿಕೆ ಮಾಡಿಸಲು ಬಂದ ಹೆಂಗಸೊಬ್ಬರು ಇದನ್ನು ಕಂಡು, ಓದು ಬರುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಯಜಮಾನರನ್ನು ಮೆಲ್ಲಗೆ ಕೇಳಿದರು.