ಟಿಲ್ಲರ್ ಓಡಿಸಿ ತುಂಗೆ ಬೆಳೆದೆವು

ಅಪಾರ್ಟ್‌ಮೆಂಟ್ ನಿರ್ವಹಣೆಯ ಚೆಕ್‌ಲಿಸ್ಟ್‌ನಲ್ಲಿ ಲಾನ್ ಕತ್ತರಿಸುವುದಕ್ಕೆ ಒಂದು ಕಾಲಂ ಇದೆ, ಹೆಡ್ಜ್ ಟ್ರಿಮ್ಮಿಂಗ್‌ಗೆ ಇದೆ, ಹೂಕುಂಡಗಳಿಗೆ ಬಣ್ಣ ಬಳಿಯುವುದಕ್ಕೂ ಇದೆ. ಕಳೆ ಕೀಳುವುದಕ್ಕೆ ಇಲ್ಲ. ಅದು ‘ಜನರಲ್ ಕ್ಲೀನಿಂಗ್’ ಒಳಗೆ ನುಸುಳಿಕೊಂಡು, ಯಾರ ಹೆಡ್‌ಕೌಂಟ್‌ಗೂ ಸೇರದೆ, ಕೊನೆಗೆ ಹಾರ್ಟಿಕಲ್ಚರ್ ಸೂಪರ್‌ವೈಸರ್ ಆದ ನನ್ನ ತಲೆಗೆ ಬರುತ್ತದೆ. ಸರ್ಜಾಪುರ ರಸ್ತೆಯ ನಮ್ಮ ಸೈಟ್‌ನಲ್ಲಿ ಕ್ಲಬ್‌ಹೌಸ್ ಹಿಂದಿನ ಖಾಲಿ ಜಾಗವನ್ನು ತರಕಾರಿ ತೋಟ ಮಾಡಬೇಕೆಂದು ಅಸೋಸಿಯೇಷನ್ ತೀರ್ಮಾನಿಸಿದಾಗಲೂ ಹೀಗೆಯೇ ಆಯಿತು. ಸಸಿ, ಡ್ರಿಪ್, ಬಿದಿರಿನ ಬೇಲಿ, ಹೆಸರಿನ ಬೋರ್ಡು, ಎಲ್ಲಕ್ಕೂ ಪಿಒ (ಖರೀದಿ ಆದೇಶ) ಬಂತು. ಬೋರ್ಡಿಗೆ ಸುರಿದ ದುಡ್ಡಿನಲ್ಲಿ ಇಬ್ಬರು ಹೆಣ್ಣಾಳುಗಳಿಗೆ ಎಷ್ಟೋ ದಿನ ಕೂಲಿ ಕೊಡಬಹುದಿತ್ತು.

ಆ ಜಾಗದಲ್ಲಿ ಎದ್ದು ಕಾಣುತ್ತಿದ್ದುದು ಸೊಂಟದೆತ್ತರದ ಪಾರ್ಥೇನಿಯಂ. ಎಲ್ಲರ ಹೆದರಿಕೆಯೂ ಅದರದ್ದೇ, ಮೈಗೆ ತಗುಲಿದರೆ ಕೆರೆತ. ನಿಜ ಹೇಳಬೇಕೆಂದರೆ ಅದು ಮುಗಿಯುವ ಜಗಳ. ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತರೆ ಸರಿ. ಬಿಟ್ಟರೆ ಒಂದೊಂದು ಗಿಡವೂ ಸಾವಿರಾರು ಬೀಜ ಚೆಲ್ಲುತ್ತದೆ. ಅದನ್ನು ಮೇಯುವ ದುಂಬಿಯೂ ನಮ್ಮ ಊರಲ್ಲಿದೆ. ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಮಳೆ ಶುರುವಾದ ಮೇಲೆ ಕಾಂಪೌಂಡ್ ಅಂಚಿನ ಗಿಡಗಳ ಎಲೆಗಳನ್ನು ಜರಡಿ ಮಾಡಿರುತ್ತದೆ.

ಪಾರ್ಥೇನಿಯಂ ಹೋದ ಮೇಲೆ ಅದರ ಬುಡದಲ್ಲಿ ಅಲ್ಲಲ್ಲಿ ಹೊಳೆಯುವ ಹಸಿರು ಗರಿಗಳು ಉಳಿದವು. ನಮ್ಮ ತಂಡದ ಹಿರಿಯಕ್ಕ, ಮಾಲೂರು ಕಡೆಯವರು, ಬಗ್ಗಿ ನೋಡಿ, “ಸಾರ್, ಇದು ತುಂಗೆ ಕಳೆ. ಇಲ್ಲಿಗೆ ಮಿಷನ್ ಬಿಡಬೇಡಿ, ಅಗೆದು ಗಡ್ಡೆ ಆರಿಸೋಣ” ಎಂದರು. ಎಷ್ಟು ದಿನ ಬೇಕಕ್ಕ ಎಂದು ಕೇಳಿದೆ. “ಅದು ಹೇಳಿದಷ್ಟು ದಿನ” ಎಂದರು. ಉದ್ಘಾಟನೆಗೆ ತಿಂಗಳೂ ಉಳಿದಿರಲಿಲ್ಲ. ಈ ಉತ್ತರವನ್ನು ಯಾವ ಎಕ್ಸೆಲ್ ಶೀಟ್‌ಗೆ ತುಂಬಲಿ? ಟಿಲ್ಲರ್‌ನವನಿಗೆ ಫೋನ್ ಮಾಡಿದೆ.

ಅರ್ಧ ದಿನದಲ್ಲಿ ಮಣ್ಣು ರಾಗಿ ಹಿಟ್ಟಿನಂತಾಯಿತು. ಫೋಟೊ ತೆಗೆದು ಆ್ಯಪ್‌ಗೆ ಹಾಕಿ ಟಿಕೆಟ್ ಮುಚ್ಚಿದೆ. ಟೊಮೆಟೊ, ಬದನೆ, ಮೆಣಸಿನ ಸಸಿ ನೆಟ್ಟು ಡ್ರಿಪ್ ಬಿಟ್ಟೆವು. ಎರಡನೇ ವಾರದ ಹೊತ್ತಿಗೆ ಪಾತಿಯ ತುಂಬ ಸೂಜಿಯಂಥ ಮೊಳಕೆಗಳು, ಸಾಲು ತಪ್ಪದೆ ಎದ್ದು ನಿಂತಿದ್ದವು. ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಚಿತ್ರ ಹಾಕಿ, “ಈರುಳ್ಳಿ ಎಷ್ಟು ಚೆನ್ನಾಗಿ ಹುಟ್ಟಿದೆ!” ಎಂದು ಬರೆದರು. ಹೃದಯದ ಚಿಹ್ನೆಗಳ ಮಳೆ. ನಾವು ಈರುಳ್ಳಿ ಹಾಕಿಯೇ ಇರಲಿಲ್ಲ.

ಒಂದನ್ನು ಹಿಡಿದು ಎಳೆದೆ. ಗರಿ ಕೈಗೆ ಬಂತು, ಉಳಿದದ್ದು ಒಳಗೇ ಇತ್ತು. ಹಿರಿಯಕ್ಕ ಸಣ್ಣ ಹಾರೆಯಿಂದ ಸುತ್ತಲಿನ ಮಣ್ಣು ಬಿಡಿಸಿ ತೋರಿಸಿದರು. ಕಡಲೆಕಾಯಿ ಬೀಜದ ಗಾತ್ರದ ಕಪ್ಪು ಗಡ್ಡೆ, ಅದರಿಂದ ತಂತಿಯಂಥ ಗಟ್ಟಿ ಬೇರು, ಬೇರಿನ ತುದಿಗೆ ಮತ್ತೊಂದು ಗಡ್ಡೆ, ಅಲ್ಲಿಂದ ಇನ್ನೊಂದು. ಉಗುರಿನಲ್ಲಿ ಗೀರಿದರೆ ಒಳಗೆ ಬಿಳಿ, ಗ್ರಂಧಿಗೆ ಅಂಗಡಿಯ ಘಾಟು. ಭದ್ರಮುಷ್ಟಿ ಎಂದು ಅಲ್ಲಿ ದುಡ್ಡಿಗೆ ಮಾರುವುದು ಇದನ್ನೇ. ಸರಪಳಿ ಅಖಂಡವಾಗಿದ್ದಾಗ ಸಾಮಾನ್ಯವಾಗಿ ತುದಿಯ ಗಡ್ಡೆ ಮೊಳೆಯುತ್ತದೆ, ಹಿಂದಿನವು ಸುಮ್ಮನೆ ಮಲಗಿರುತ್ತವೆ. ಟಿಲ್ಲರ್‌ನ ಅಲಗು ಆ ಸರಪಳಿಯನ್ನು ತುಂಡು ತುಂಡು ಮಾಡಿ, ಮಲಗಿದ್ದವನ್ನೆಲ್ಲ ಎಬ್ಬಿಸಿ, ಅಲ್ಲಲ್ಲಿ ಇದ್ದುದನ್ನು ಇಡೀ ತೋಟಕ್ಕೆ ಹಂಚಿತ್ತು. ಮೇಲೆ ನಾನು ಡ್ರಿಪ್ ಬೇರೆ ಬಿಟ್ಟಿದ್ದೆ.

ಶನಿವಾರ ಉದ್ಘಾಟನೆ. ಗುರುವಾರ ಬೆಳಿಗ್ಗೆ ಬೇಸ್‌ಮೆಂಟ್‌ನಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದಾಗ ವಾಕಿಟಾಕಿಯಲ್ಲಿ ಅರ್ಧಂಬರ್ಧ ಕೇಳಿಸಿತು: “ತೋಟ... ಔಷಧಿ... ಎಫ್‌ಎಂ ಸಾರ್ ಹೇಳಿದ್ದಾರೆ... ಪಂಪು ರೆಡಿ.” ಹಾಕಬೇಡಿ, ನಿಲ್ಲಿಸಿ ಎಂದು ಕೂಗಿದೆ. ಬೇಸ್‌ಮೆಂಟ್‌ನಿಂದ ಸಿಗ್ನಲ್ ಹೊರಗೆ ಹೋಗುವುದಿಲ್ಲ. ಈ ಸ್ನ್ಯಾಗ್ (ಸರಿಪಡಿಸಬೇಕಾದ ದೋಷ) ನಮ್ಮ ಪಟ್ಟಿಯಲ್ಲಿ ಕಟ್ಟಡದಷ್ಟೇ ಹಳೆಯದು. ಲಿಫ್ಟ್ ಎಂಟನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ, ಕ್ಲಬ್‌ಹೌಸ್ ಸುತ್ತಿ ಓಡುವಾಗ ತಲೆಯಲ್ಲಿ ಇದ್ದುದು ಒಂದೇ: ಶನಿವಾರ ಇದೇ ಪಾತಿಗಳಲ್ಲಿ ಮಕ್ಕಳನ್ನು ಕೂರಿಸಿ ಮಣ್ಣು ಮುಟ್ಟಿಸುವ ಕಾರ್ಯಕ್ರಮವಿದೆ.

ಹುಡುಗ ರಬ್ಬರ್ ಚಪ್ಪಲಿಯಲ್ಲಿ ನಿಂತಿದ್ದ. ಮುಖಕ್ಕೆ ಕರ್ಚೀಫು, ಬೆನ್ನಿಗೆ ಪಂಪು, ಟೊಮೆಟೊ ಸಾಲಿನ ತಲೆಯಲ್ಲಿ ನಾಝಲ್. “ಎಷ್ಟು ಹೊಡೆದೆಯಪ್ಪ?” ಎಂದೆ. “ಇಲ್ಲ ಸಾರ್, ನೀರು ಬರುತ್ತದೆಯೇ ಎಂದು ನೋಡಿದೆ ಅಷ್ಟೇ.” ಪಂಪಿನೊಳಗಿದ್ದುದು ನೀರಲ್ಲ, ಗ್ಲೈಫೋಸೇಟ್ ಎಂಬ ಕಳೆನಾಶಕ.

ಎಫ್‌ಎಂ, ಅಂದರೆ ಫೆಸಿಲಿಟಿ ಮ್ಯಾನೇಜರ್, ಹಿಂದೆಯೇ ಬಂದರು. ಅದನ್ನು ಕೀಟ ನಿಯಂತ್ರಣ ಸಂಸ್ಥೆಗಳ ಮೂಲಕವಲ್ಲದೆ ಯಾರೂ ಬಳಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ ಎಂದೆ. “ನಮ್ಮದು ಸಣ್ಣ ತೋಟ” ಎಂದರು. ಟೊಮೆಟೊ ಯಾವುದು ತುಂಗೆ ಯಾವುದು ಎಂದು ಆ ದ್ರಾವಣಕ್ಕೆ ಗೊತ್ತಾಗುವುದಿಲ್ಲ ಎಂದೆ. “ಹುಷಾರಾಗಿ ಹೊಡೆಸಿ” ಎಂದರು. ಮಕ್ಕಳ ಮಾತೆತ್ತಿದೆ, ಫೋನ್ ನೋಡಿಕೊಂಡರು. ಕೊನೆಗೆ, “ಸರ್, ಇದು ಎಲೆಯಿಂದ ಗಡ್ಡೆಗೆ ಇಳಿಯುವ ಔಷಧಿ. ಹಳದಿಯಾಗಲು ವಾರ ಬೇಕು. ಶನಿವಾರ ಅಧ್ಯಕ್ಷರು ಬಂದಾಗ ತುಂಗೆ ಈಗಿನಷ್ಟೇ ಹಸಿರಾಗಿರುತ್ತದೆ” ಎಂದೆ. ತಕ್ಷಣ ಹುಡುಗನ ಕಡೆ ತಿರುಗಿ, “ಪಂಪು ಇಳಿಸು” ಎಂದರು. ಕಾನೂನು, ಬೆಳೆ, ಮಕ್ಕಳು ಮಾಡದ ಕೆಲಸವನ್ನು ಶನಿವಾರ ಮಾಡಿತು. ಆಮೇಲಿಂದ ಅವರಿಗೆ ಏನು ಹೇಳುವುದಿದ್ದರೂ ಮೊದಲು ದಿನಾಂಕ ಹೇಳುತ್ತೇನೆ.

ಶುಕ್ರವಾರ ಇಡೀ ತಂಡ ಕುಳಿತು ಮೇಲಿನ ಗರಿ ಹೆರೆಯಿತು. ನಾಝಲ್ ನೋಡಿದ ಮೂಲೆಯ ಟೊಮೆಟೊ ಸಸಿಗಳನ್ನು ಕಿತ್ತು, ಅಲ್ಲಿಗೆ ಹಗ್ಗ ಕಟ್ಟಿಸಿದೆ. ರಿಬ್ಬನ್ ಕತ್ತರಿಸಿದರು, ಫೋಟೊ ಆಯಿತು, ಈರುಳ್ಳಿ ಎಲ್ಲಿ ಹೋಯಿತೆಂದು ಒಬ್ಬರು ವಿಚಾರಿಸಿದರು. ಸೋಮವಾರ ತುಂಗೆ ಮತ್ತೆ ಬೆರಳುದ್ದ ಎದ್ದಿತ್ತು.

ಆ ಮೇಲೆ ಮಾಡಿದ್ದೆಲ್ಲ ಅಕ್ಕ ಮೊದಲು ಹೇಳಿದ್ದೇ. ಹೊಸ ಗಡ್ಡೆ ಕಟ್ಟುವಷ್ಟು ಬಿಡುವು ಕೊಡದೆ, ಎರಡು ವಾರಕ್ಕೊಮ್ಮೆ ಗರಿ ಬಂದಲ್ಲೆಲ್ಲ ಹಾರೆ ಹಾಕಿ ಗಡ್ಡೆಸಮೇತ ಎತ್ತುವುದು, ಎತ್ತಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಟೆರೇಸಿನ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸುವುದು. ಪರ್ಚೇಸ್‌ನವರು ಕಳಿಸಿದ ಕಪ್ಪು ಮಲ್ಚಿಂಗ್ ಹಾಳೆಯನ್ನು ತುಂಗೆ ಸೂಜಿಯಂತೆ ಚುಚ್ಚಿಕೊಂಡು ಹೊರಗೆ ಬಂತು. ಬೇರೆ ಕಳೆಗಳಿಗೆ ಆ ಹಾಳೆ ಸಾಕು, ಇದಕ್ಕಲ್ಲ. ನೆರಳು ಮಾತ್ರ ಇದಕ್ಕೆ ಆಗದು. ಖಾಲಿ ಪಾತಿಗಳಲ್ಲಿ ಅಲಸಂದೆ ದಟ್ಟವಾಗಿ ಬಿತ್ತಿದೆವು, ಅದರಡಿಯಲ್ಲಿ ಸೊರಗಿತು. ನಡುವೆ ಹುಟ್ಟಿದ ಗೋಣಿ ಸೊಪ್ಪನ್ನು ಕೀಳಬೇಡಿ ಎಂದು ಹೆಣ್ಣಾಳುಗಳೇ ಹೇಳಿದರು, ಬಸ್ಸಾರಿಗೆ ಮನೆಗೆ ಒಯ್ದರು. ಪಾತಿಗಳ ನಡುವಿನ ಓಡಾಟದ ಜಾಗಕ್ಕೆ ಸೈಟ್‌ನ ಒಣ ಎಲೆಯನ್ನೇ ಮೊಣಕೈ ಉದ್ದದಷ್ಟು ದಪ್ಪಕ್ಕೆ ಹಾಸಿದೆವು. ಅದೇ ಎಲೆಯನ್ನು ಹೊರಗೆ ಸಾಗಿಸಲು ಅಸೋಸಿಯೇಷನ್ ಇವತ್ತಿಗೂ ಟ್ರ್ಯಾಕ್ಟರ್ ಬಾಡಿಗೆ ಕೊಡುತ್ತಿದೆ.

ಈಗ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಪಕ್ಕದಲ್ಲಿ ಎರಡನೇ ತೋಟ ಬೇಕಂತೆ. ನೆಡುವ ಮೊದಲು ಮಣ್ಣಿಗೆ ನೀರು ಕೊಟ್ಟು, ಕಳೆ ಹುಟ್ಟಿಸಿ, ಕಿತ್ತು, ಮತ್ತೆ ಹುಟ್ಟಿಸಿ ಕೀಳಲು ಎಂಟು ವಾರ ಮತ್ತು ನಾಲ್ಕು ಆಳು ಎಂದು ಇಂಡೆಂಟ್ (ಬೇಡಿಕೆ ಪಟ್ಟಿ) ಬರೆದೆ. ಮೊನ್ನೆ ವಾಪಸ್ ಬಂತು. ಆಳುಗಳ ಸಾಲಿಗೆ ಕೆಂಪು ಗೀಟು ಎಳೆದು, ನಾನು ಕೇಳದೇ ಇದ್ದ ಟಿಲ್ಲರ್ ಬಾಡಿಗೆಯನ್ನು ಸೇರಿಸಿ ಮಂಜೂರು ಮಾಡಿದ್ದಾರೆ. ಟಿಲ್ಲರ್‌ನವನಿಗೆ ನಾನಿನ್ನೂ ಫೋನ್ ಮಾಡಿಲ್ಲ.