ಅಮೃತಸರಕ್ಕೆ ಹೋದರೆ ಅಸಲ್ ಉತ್ತರ್‌ಗೊಂದು ದಿನ ಇಟ್ಟುಕೊಳ್ಳಿ

ನಮ್ಮ ತೀರ್ಥಹಳ್ಳಿ ಕಡೆಯಿಂದ ಅಮೃತಸರಕ್ಕೆ ಹೋದವರು ಸ್ವರ್ಣಮಂದಿರ, ಜಲಿಯನ್‌ವಾಲಾ ಬಾಗ್, ಅಟಾರಿ ಗಡಿ ನೋಡಿ ಬಂದುಬಿಡುತ್ತಾರೆ. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೇ ಖೇಮಕರಣ್ ರಸ್ತೆಯ ಅಸಲ್ ಉತ್ತರ್ ಎಂಬ ಹಳ್ಳಿಗಾಗಿ. 1965ರ ಸೆಪ್ಟೆಂಬರಿನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆಯುವಾಗ, ಅಪ್ಪಯ್ಯ ಅಮೃತಸರದಿಂದ ಆ ಕಡೆಗೆ ಮಿಲಿಟರಿ ಲಾರಿಯಲ್ಲಿ ಮದ್ದುಗುಂಡು ಸಾಗಿಸಿದ್ದರು.

ಅಡಿಕೆ ಕೊನೆಕೊಯ್ಲು ಶುರುವಾಗುವ ಮೊದಲೇ ಮುಗಿಸೋಣ ಅಂತ ಅಕ್ಟೋಬರ್ ಕೊನೆಗೆ ಹೋದದ್ದು ತಪ್ಪಾಯಿತು. ಅಲ್ಲಿ ಭತ್ತದ ಕೂಳೆ ಸುಡುವ ಕಾಲ. ಹೊಗೆಗೆ ಅಮ್ಮ ರಾತ್ರಿಯಿಡೀ ಕೆಮ್ಮಿದರು. ಫೆಬ್ರವರಿಯಲ್ಲಿ ಹೋಗಿ. ಮಂದಿರದ ಹತ್ತಿರದ ರೂಮಿನಲ್ಲಿ ಬಿಸಿನೀರಿಗೂ ಬೇರೆ ದುಡ್ಡು ಕಿತ್ತರು. ಒಳಗೆ ಹೋಗುವ ಮುಂಚೆಯೇ ಎಲ್ಲ ಮಾತಾಡಿಕೊಳ್ಳಿ.

ಊಟದ ಚಿಂತೆ ಬೇಡ. ಮಂದಿರದ ಉಚಿತ ಊಟದ ಮನೆ ಲಂಗರಿನಲ್ಲಿ ಯಾವ ಹೊತ್ತಿಗೆ ಹೋದರೂ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ. ಆದರೆ ಬೆಳಗಿನ ತಿಂಡಿಗೆ ಹಿಂದಿನ ಗಲ್ಲಿಗಳ ಕುಲ್ಚಾ ತಿನ್ನಲೇಬೇಕು. ನಾವು ಕೂತ ಅಂಗಡಿಯಲ್ಲಿ ಎರಡೇ ಬೆಂಚು. ಆಲೂಗಡ್ಡೆ ತುಂಬಿದ ಹಿಟ್ಟನ್ನು ತಂದೂರಿನ ಗೋಡೆಗೆ ಬಡಿದು, ಕಂದು ಬಣ್ಣ ಬಂದಮೇಲೆ ತೆಗೆದು, ಎರಡೂ ಅಂಗೈಯಲ್ಲಿ ಹಿಸುಕಿ ಪದರ ಬಿಡಿಸಿ, ಮೇಲೆ ಬೆಣ್ಣೆ ಇಟ್ಟು ಕೊಡುತ್ತಾನೆ. ಜೊತೆಗೆ ಕಡಲೆಕಾಳಿನ ಪಲ್ಯ, ಈರುಳ್ಳಿ ಹಾಕಿದ ಹುಣಸೆ ಚಟ್ನಿ. ರೊಟ್ಟಿ ವಿಷಯದಲ್ಲಿ ಯಾರನ್ನೂ ಒಪ್ಪದ ಅಮ್ಮ ಇನ್ನೊಂದು ಕೇಳಿ ಹಾಕಿಸಿಕೊಂಡರು. ಮೂರು ದಿನವೂ ಅಲ್ಲೇ ತಿಂದೆವು.

ಬಸ್ಸಿನಲ್ಲಿ ಮೋಸ ಹೋದೆವು. ಖೇಮಕರಣ್‌ವರೆಗೆ ಎಂದು ಹಣ ತೆಗೆದುಕೊಂಡ ಖಾಸಗಿ ಬಸ್ಸಿನವನು ದಾರಿ ಮಧ್ಯದ ಭಿಖಿವಿಂಡ್‌ನಲ್ಲೇ ಇಳಿಸಿ ಹೊರಟುಹೋದ. ವಯಸ್ಸಾದವರಿದ್ದರೆ ಕಾರು ಮಾಡಿಕೊಂಡು ಹೋಗುವುದೇ ವಾಸಿ.

ಅಸಲ್ ಉತ್ತರ್‌ನಲ್ಲಿ ಆ ಯುದ್ಧದ ಯೋಧ ಅಬ್ದುಲ್ ಹಮೀದ್ ಸಮಾಧಿ ಇದೆ. ಜೀಪಿನ ಮೇಲಿನ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು, ಸೆಪ್ಟೆಂಬರ್ 10ರಂದು ಅಲ್ಲೇ ಪ್ರಾಣ ಬಿಟ್ಟವರು. ಪರಮವೀರ ಚಕ್ರ ಬಂತು. ಕಾಲುವೆ ನೀರು ಹರಿಸಿದ ಹೊಲಗಳಲ್ಲಿ ಟ್ಯಾಂಕುಗಳು ಹೂತವು, ಕಬ್ಬಿನ ಮರೆಯಲ್ಲಿ ನಮ್ಮವರು ಕಾದಿದ್ದರು. “ಹೂಟಿ ಮಾಡಿದ ಗದ್ದೆಗೆ ಲಾರಿ ಇಳಿಸಿದ ಹಾಗೆ” ಎಂದು ಅಪ್ಪಯ್ಯ ಜಗಲಿಯಲ್ಲಿ ಕೂತು ಹೇಳುತ್ತಿದ್ದರು. ಅದನ್ನು ಕೇಳುವಾಗೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದದ್ದು ನಮ್ಮದೇ ಗದ್ದೆ, ಅದರಾಚೆಯ ಕಾಡು.

ಅಲ್ಲಿ ಕಾಡಿಲ್ಲ, ಗುಡ್ಡವಿಲ್ಲ. ಕಣ್ಣು ಹಾಯಿಸಿದಷ್ಟೂ ಬಯಲು. ಅಮ್ಮ ರಸ್ತೆಯ ಆ ತುದಿ ಈ ತುದಿ ನೋಡಿ, “ಲಾರಿ ನಿಲ್ಲಿಸ್ಕೊಳಕ್ಕೆ ಒಂದು ಮರದ ಮರೆನೂ ಇಲ್ವಲ್ಲೋ” ಅಂದರು. ಆಮೇಲೆ ಒಂದು ಗಂಟೆ ಅಲ್ಲೇ ಕೂತಿದ್ದೆವು. ಬೆಳಿಗ್ಗೆ ಬೇಗ ಹೊರಡಿ, ಕೂರಲು ಹೊತ್ತು ಸಿಗುತ್ತದೆ.