ದಪ್ಪ ಫಝ್ ಬೇಕೆಂದವರ ಪೆಡಲ್ ಬಿಚ್ಚಿ ಕಲಿತದ್ದು

ರಿಪೇರಿ ಬೆಂಚಿಗೆ ಬರುವ ಫಝ್ ಪೆಡಲ್‌ಗಳಲ್ಲಿ (ಗಿಟಾರ್ ಸದ್ದನ್ನು ಒಡೆದು ಒರಟಾಗಿಸುವ, ಕಾಲಲ್ಲಿ ಒತ್ತುವ ಡಬ್ಬಿಗಳು) ಬಹಳಷ್ಟು ಕೆಟ್ಟಿರುವುದೇ ಇಲ್ಲ. ದೂರು ಮಾತ್ರ ಒಂದೇ: "ಒಬ್ಬನೇ ನುಡಿಸಿದರೆ ಗೋಡೆ ನಡುಗುತ್ತೆ, ಬ್ಯಾಂಡ್ ಶುರುವಾದರೆ ಗಿಟಾರೇ ಕೇಳಿಸಲ್ಲ." ಸ್ಕ್ರೂ ಬಿಚ್ಚುವ ಮೊದಲು ನಾಬ್‌ಗಳು ಎಲ್ಲಿ ನಿಂತಿವೆ ಅಂತ ನೋಡಿದರೆ ಅರ್ಧ ಕಾರಣ ಗೊತ್ತಾಗುತ್ತದೆ. ಸಸ್ಟೇನ್ (ಸ್ವರವನ್ನು ಉದ್ದಕ್ಕೆ ಎಳೆಯುವ ನಾಬ್) ಕೊನೆಯವರೆಗೆ ಬಲಕ್ಕೆ, ಟೋನ್ ಎಡಕ್ಕೆ, ಆಂಪ್‌ನಲ್ಲಿ (ಆಂಪ್ಲಿಫೈಯರ್) ಬೇಸ್ ಹತ್ತು, ಮಿಡ್ (ನಡುವಿನ ಕಂಪನಗಳು) ಎರಡೋ ಮೂರೋ. ದಪ್ಪ ಅಂದರೆ ಬೇಸ್ ಅಂದುಕೊಂಡಿದ್ದರ ಫಲ ಇದು. ಕೆಳಗಿನ ಜಾಗವನ್ನು ಬೇಸ್ ಗಿಟಾರ್, ಕಿಕ್ ಡ್ರಮ್ ಆಗಲೇ ಹಿಡಿದಿರುತ್ತವೆ; ಮೇಲೆ ಸಿಂಬಲ್‌ಗಳ ಗದ್ದಲ. ಗಿಟಾರಿಗೆ ಉಳಿಯುವುದು ನಡುವಿನ ಪಟ್ಟಿ, ಹೆಚ್ಚುಕಡಿಮೆ 400 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್. ಪೆಡಲ್ ಆರಿಸುವಾಗ ಮೊದಲು ಕೇಳಬೇಕಾದದ್ದು ಇದು: ಈ ಪಟ್ಟಿಯನ್ನು ಅದು ಉಳಿಸುತ್ತದೋ, ನುಂಗುತ್ತದೋ?

ನುಂಗುವುದರಲ್ಲಿ ಹೆಸರಾದದ್ದು ಬಿಗ್ ಮಫ್. ಎಲೆಕ್ಟ್ರೋ-ಹಾರ್ಮೋನಿಕ್ಸ್ 1969ರಲ್ಲಿ ತಂದ ಈ ಸರ್ಕ್ಯೂಟ್‌ನಲ್ಲಿ ನಾಲ್ಕು ಟ್ರಾನ್ಸಿಸ್ಟರ್ ಹಂತ. ನಡುವಿನ ಎರಡರಲ್ಲಿ ಡಯೋಡ್‌ಗಳು ಸಿಗ್ನಲ್‌ನ ತಲೆ ಕತ್ತರಿಸುತ್ತವೆ. ಉದ್ದಕ್ಕೆ ಎಳೆಯುವ ಆ ಸಸ್ಟೇನ್ ಬರುವುದು ಅಲ್ಲಿಂದ. ಮಿಡ್ ಮಾಯವಾಗುವುದು ಅದರ ನಂತರದ ಟೋನ್ ಭಾಗದಲ್ಲಿ. ಹಲವು ಆವೃತ್ತಿಗಳಲ್ಲಿ ಒಂದು ಕಡೆ 39 ಕಿಲೋ ಓಮ್ ರೆಸಿಸ್ಟರ್, 10 ನ್ಯಾನೋಫ್ಯಾರಡ್ ಕೆಪಾಸಿಟರ್ ಇರುತ್ತವೆ. ಈ ದಾರಿ ಸುಮಾರು 400 ಹರ್ಟ್ಸ್‌ಗಿಂತ ಮೇಲಿನದನ್ನು ಇಳಿಸುತ್ತಾ ಹೋಗುತ್ತದೆ. ಇನ್ನೊಂದು ಕಡೆ 22 ಕಿಲೋ ಓಮ್, 4 ನ್ಯಾನೋಫ್ಯಾರಡ್. ಇದು ಸುಮಾರು 1800ಕ್ಕಿಂತ ಕೆಳಗಿನದನ್ನು ಇಳಿಸುತ್ತದೆ. ಎರಡರ ನಡುವೆ, ಒಂದು ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಹಳ್ಳ. ಆ 4 ನ್ಯಾನೋಫ್ಯಾರಡ್ ತೆಗೆದು 10 ಹಾಕಿದರೆ ಎರಡನೆಯ ಗಡಿ 720ರ ಹತ್ತಿರಕ್ಕೆ ಇಳಿಯುತ್ತದೆ, ಹಳ್ಳ ಬಹುಮಟ್ಟಿಗೆ ತುಂಬುತ್ತದೆ. ಒಂದೇ ಒಂದು ಬಿಡಿಭಾಗದ ಕೆಲಸ, ಐದು ನಿಮಿಷದ ಬೆಸುಗೆ. ಕಬ್ಬಿಣ ಹಿಡಿಯಲು ಇಷ್ಟವಿಲ್ಲದವರು ಮಿಡ್ ಸ್ವಿಚ್ ಅಥವಾ ಟೋನ್ ಬೈಪಾಸ್ ಇರುವ ಮಾದರಿ ಕೊಂಡರಾಯಿತು.

ಮಫ್ ಆಗಲೇ ಕೈಯಲ್ಲಿದ್ದರೆ ಅದರ ಹಿಂದೆ, ಅಂದರೆ ಆಂಪ್ ಕಡೆಗೆ, ಟ್ಯೂಬ್ ಸ್ಕ್ರೀಮರ್ ಜಾತಿಯ ಓವರ್‌ಡ್ರೈವ್ (ಫಝ್‌ಗಿಂತ ಮೆತ್ತಗೆ ಒಡೆಯುವ ಪೆಡಲ್) ಇಡಬಹುದು. ಅದರ ಉಬ್ಬು 720 ಹರ್ಟ್ಸ್ ಸುತ್ತ ಇರುವುದರಿಂದ ಮಫ್ ಅಗೆದ ಜಾಗವನ್ನೇ ತುಂಬುತ್ತದೆ. ಡ್ರೈವ್ ಸೊನ್ನೆಯ ಹತ್ತಿರ, ಲೆವೆಲ್ ಮುಕ್ಕಾಲು, ಟೋನ್ ನಡುವೆ. ಅದನ್ನೇ ಮಫ್‌ನ ಮುಂದೆ, ಅಂದರೆ ಗಿಟಾರ್ ಕಡೆಗೆ, ಇಟ್ಟರೆ ಬೇರೆ ಕೆಲಸ ಆಗುತ್ತದೆ: ಫಝ್‌ಗೆ ಹೋಗುವ ಮೊದಲೇ ಬೇಸ್ ಕಡಿಮೆಯಾಗಿ ಸದ್ದು ಬಿಗಿಯಾಗುತ್ತದೆ, ಜೊತೆಗೆ ಹಿಸ್ ಹೆಚ್ಚುತ್ತದೆ. ತಂತಿಯನ್ನು ಇಳಿಸಿ ಸಿ ಸ್ವರಕ್ಕೆ, ಅಂದರೆ 65 ಹರ್ಟ್ಸ್‌ಗೆ, ಶ್ರುತಿ ಮಾಡುವವರಿಗೆ ಈ ಎರಡನೆಯದೇ ಹೆಚ್ಚು ಉಪಯೋಗ. ಕ್ಲಿಪ್ ಆಗುವ, ಅಂದರೆ ಸಿಗ್ನಲ್‌ನ ತಲೆ ಕತ್ತರಿಸುವ, ಮುಂಚೆ ಬೇಸ್ ಕತ್ತರಿಸಿ, ಬೇಕಾದರೆ ನಂತರ ಇಕ್ವಲೈಜರ್‌ನಲ್ಲಿ ಸೇರಿಸಿ. ಉಲ್ಟಾ ಮಾಡಿದರೆ ಬರುವುದು ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಸದ್ದು.

ಫಝ್ ಫೇಸ್ ಎಂಬ ಇನ್ನೊಂದು ಹಳೇ ಪೆಡಲ್‌ನ ಕುಲದ್ದು ಬೇರೆ ಸ್ವಭಾವ. 1966ರ ಈ ವಿನ್ಯಾಸದಲ್ಲಿ ಬರೀ ಎರಡು ಟ್ರಾನ್ಸಿಸ್ಟರ್. ಮಿಡ್ ಚೆನ್ನಾಗಿ ಉಳಿಯುತ್ತದೆ, ಗಿಟಾರ್‌ನ ವಾಲ್ಯೂಮ್ ಏಳಕ್ಕೆ ಇಳಿಸಿದರೆ ಸದ್ದು ತಿಳಿಯಾಗುತ್ತದೆ. ಆದರೆ ಇದರ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತೀರಾ ಕಡಿಮೆ. ಗಿಟಾರ್‌ನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್‌ನ ಸುರುಳಿ ನೇರವಾಗಿ ಜೊತೆಯಲ್ಲಿದ್ದರಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ಮುಂದೆ ಬಫರ್ (ಸಿಗ್ನಲ್ ದುರ್ಬಲವಾಗದಂತೆ ಕಾಯುವ ಸರ್ಕ್ಯೂಟ್) ಇರುವ ಟ್ಯೂನರ್ ಇಟ್ಟರೆ ಸದ್ದು ಒರಟಾಗುತ್ತದೆ, ವಾಲ್ಯೂಮ್ ನಾಬ್‌ಗೆ ಮೊದಲಿನ ಹಾಗೆ ಓಗೊಡುವುದಿಲ್ಲ. ವೈರ್‌ಲೆಸ್ ರಿಸೀವರ್ ಕೂಡ ಇದೇ ತೊಂದರೆ ಕೊಡುತ್ತದೆ. ಅದು ಯಾರ ತಲೆಗೂ ಬೇಗ ಹೊಳೆಯುವುದಿಲ್ಲ. ಮೊದಲ ಸ್ಥಾನ ಫಝ್ ಫೇಸ್‌ಗೇ ಬಿಡಿ. ಮಫ್‌ಗೆ ಈ ಮಡಿ ಇಲ್ಲ, ಎಲ್ಲಿಟ್ಟರೂ ನಡೆಯುತ್ತದೆ.

ಹಂಬಕರ್ (ಎರಡು ಸುರುಳಿಯ ಪಿಕಪ್) ಜೊತೆ ಫಝ್ ಫೇಸ್ ಮಂಕಾಗಿ ಕೇಳಿದರೆ ಇನ್‌ಪುಟ್ ಕೆಪಾಸಿಟರ್ ನೋಡಿ. ಮೂಲದಲ್ಲಿ ಅದು 2.2 ಮೈಕ್ರೋಫ್ಯಾರಡ್, ಎಲ್ಲ ಬೇಸನ್ನೂ ಒಳಗೆ ಬಿಡುತ್ತದೆ. 0.22 ಹಾಕಿ ಕೇಳಿ, ಸಾಲದಿದ್ದರೆ 0.1.

ಕರೆಂಟ್ ವಿಷಯದಲ್ಲಿ ಒಂದು ಅನಾಹುತ ಪದೇಪದೇ ಬೆಂಚಿಗೆ ಬರುತ್ತದೆ. ಹಳೇ ಶೈಲಿಯ, ಪಿಎನ್‌ಪಿ ಬಗೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಝ್‌ಗಳಲ್ಲಿ ಗ್ರೌಂಡ್‌ಗೆ ಸೇರಿರುವುದು ಪಾಸಿಟಿವ್ ತುದಿ. ಉಳಿದ ಪೆಡಲ್‌ಗಳಲ್ಲಿ ನೆಗೆಟಿವ್. ಎರಡನ್ನೂ ಒಂದೇ ಅಡಾಪ್ಟರ್‌ನ ಡೈಸಿ ಚೈನ್‌ಗೆ (ಹಲವು ಪೆಡಲ್‌ಗೆ ಕವಲೊಡೆಯುವ ವೈರ್) ಸಿಕ್ಕಿಸಿ ಪ್ಯಾಚ್ ಕೇಬಲ್ ಹಾಕಿದ ಕ್ಷಣ, ಕೇಬಲ್‌ನ ಹೊರಕವಚದ ಮೂಲಕ ಪಾಸಿಟಿವ್ ಮತ್ತು ನೆಗೆಟಿವ್ ಕೂಡಿ ಶಾರ್ಟ್ ಆಗುತ್ತದೆ. ಅಂಥ ಪೆಡಲ್‌ಗೆ ಬ್ಯಾಟರಿ ಹಾಕಿ, ಇಲ್ಲವೇ ಪ್ರತ್ಯೇಕವಾಗಿ ಐಸೊಲೇಟ್ ಆದ ಔಟ್‌ಪುಟ್ ಕೊಡಿ. ಇಂಥ ಸರ್ಕ್ಯೂಟ್‌ಗಳು ಎಳೆಯುವ ಕರೆಂಟ್ ಅತ್ಯಲ್ಪ, ಹಾಗಾಗಿ ಬ್ಯಾಟರಿ ಬಹಳ ದಿನ ಬಾಳುತ್ತದೆ. ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ, ಅಷ್ಟೇ. ಬ್ಯಾಟರಿಯ ಸ್ವಿಚ್ ಇರುವುದು ಆ ಜ್ಯಾಕ್‌ನಲ್ಲೇ.

ಸ್ವರಗಳ ಆಯ್ಕೆಯೂ ದಪ್ಪವನ್ನು ಕೂಡಿಸುತ್ತದೆ, ಕಳೆಯುತ್ತದೆ. ಫಝ್‌ನಲ್ಲಿ ಎರಡು ಸ್ವರ ಒಟ್ಟಿಗೆ ಹೋದರೆ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. ಪವರ್ ಕಾರ್ಡ್‌ನ (ಮೂಲ ಸ್ವರ ಮತ್ತು ಅದರ ಪಂಚಮ) ಎರಡು ಸ್ವರಗಳ ಅನುಪಾತ 2:3. ವ್ಯತ್ಯಾಸ 1, ಅಂದರೆ ಮೂಲ ಸ್ವರದ ಒಂದು ಆಕ್ಟೇವ್ ಕೆಳಗಿನ ಸ್ವರ ಪುಕ್ಕಟೆಯಾಗಿ ಸಿಗುತ್ತದೆ. ಮೇಜರ್ ಥರ್ಡ್ (ಮೂಲದಿಂದ ನಾಲ್ಕು ಫ್ರೆಟ್ ಮೇಲಿನ ಸ್ವರ) ಸೇರಿಸಿದರೆ ಆ ಲಾಭ ಹೋಯಿತು. ಗಿಟಾರ್‌ನ ಫ್ರೆಟ್‌ಗಳಲ್ಲಿ ಆ ಸ್ವರ ಶುದ್ಧ ಅನುಪಾತಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್‌ನ ಅಂತರ 100 ಸೆಂಟ್) ಏರಿರುತ್ತದೆ, ಎಲ್ಲ ಕಲಸುಮೇಲೋಗರ. ಪೆಡಲನ್ನು ಬೈಯುವ ಮೊದಲು ಎರಡೇ ತಂತಿ ನುಡಿಸಿ ನೋಡಿ.

ಕೊಳ್ಳುವಾಗ ನಿಮ್ಮದೇ ಗಿಟಾರ್ ಒಯ್ಯಿರಿ. ಫೋನಿನಲ್ಲಿ ಬೇಸ್ ಮತ್ತು ಡ್ರಮ್ ಇರುವ ಒಂದು ಟ್ರ್ಯಾಕ್ ಹಾಕಿ, ಅದರ ಮೇಲೆ ನುಡಿಸಿ. ಪಕ್ಕವಾದ್ಯವಿಲ್ಲದೆ ಕೇಳಿದ ಫಝ್ ಯಾವಾಗಲೂ ಮೋಸ. ಸಸ್ಟೇನ್ ಅರ್ಧಕ್ಕಿಂತ ಕೆಳಗಿಂದ ಶುರು ಮಾಡಿ, ಪಿಕ್‌ನ ಏಟು ಮರೆಯಾಗುವ ಜಾಗಕ್ಕೆ ಬಂದಾಗ ಸ್ವಲ್ಪ ಹಿಂದಕ್ಕೆ ಬನ್ನಿ. ಆಂಪ್ ಪೂರ್ತಿ ಕ್ಲೀನ್ ಇದ್ದರೆ ಫಝ್ ತೆಳ್ಳಗೆ ಚಿರಗುಟ್ಟುತ್ತದೆ. ಆಂಪ್ ಆಗತಾನೆ ಒಡೆಯಲು ಶುರುವಾಗುವ ಮಟ್ಟದಲ್ಲಿರಲಿ.

ಕೊನೆಗೆ ಒಂದು ಸ್ವರ ಹಿಡಿದು ಅದು ಸಾಯುವವರೆಗೆ ಕೇಳಿ. ಕೊನೆಯಲ್ಲಿ ವೆಲ್ಕ್ರೋ ಕಿತ್ತ ಹಾಗೆ ಪರಪರ ಅಂದರೆ ಬಯಾಸ್ (ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ನಿಲ್ಲುವ ವೋಲ್ಟೇಜ್) ತಪ್ಪಿದೆ. ಫಝ್ ಫೇಸ್ ಮಾದರಿಯಲ್ಲಿ 9 ವೋಲ್ಟ್ ಕೊಟ್ಟಾಗ ಎರಡನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ 4.5 ವೋಲ್ಟ್ ಆಸುಪಾಸು ಇರಬೇಕು. ಜರ್ಮೇನಿಯಂ ಆದರೆ ಬಿಸಿಗೆ ಇದು ಜಾರುತ್ತದೆ: ತಂಪು ಕೋಣೆಯಲ್ಲಿ ಹದ ಮಾಡಿದ್ದು ವೇದಿಕೆಯ ದೀಪದ ಕೆಳಗೆ ತಪ್ಪಬಹುದು. ಒಳಗೆ ಟ್ರಿಮ್‌ಪಾಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ನಾಬ್) ಇದ್ದರೆ ಮೊದಲು ಅದು ಈಗಿರುವ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಆಮೇಲೆ ಕೂದಲೆಳೆಯಷ್ಟು ತಿರುಗಿಸಿ.